ಜೀಬ್ರಾಮೀನು ಕ್ರಿಸ್ಪರ್: ಟ್ಯೂಬಿನಲ್ಲಿ ಕತ್ತರಿಸುತ್ತದೆ, ಮೊಟ್ಟೆಯಲ್ಲಿ ಎಂತದೂ ಇಲ್ಲ!

ಬಂಗುಡೆ ಪುಳಿಮುಂಚಿ (ಮಂಗಳೂರು)
ತಲೆ ಕೆಟ್ಟುಹೋಗಿದೆ. ಕ್ರಿಸ್ಪರ್‌ನಿಂದ ಜೀಬ್ರಾಮೀನಿನ ಒಂದು ಜೀನ್ ಕತ್ತರಿಸಲು ನೋಡುತ್ತಿದ್ದೇನೆ. ಕತ್ತರಿಸುವ ಕ್ಯಾಸ್9 ಪ್ರೋಟೀನ್ ಹೊಸದು, ಅದಕ್ಕೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಹೊಸದು. ಟ್ಯೂಬಿನಲ್ಲಿ ಡಿಎನ್‌ಎ ಜೊತೆ ಇಟ್ಟರೆ ಚಂದ ಎರಡು ತುಂಡು ಮಾಡುತ್ತದೆ. ಅದನ್ನೇ ಮೊಟ್ಟೆಗೆ ಚುಚ್ಚಿದರೆ ಮರಿಗಳು ಏನೂ ಆಗದ ಹಾಗೆ ಈಜುತ್ತವೆ. ಟಿ7 (ಡಿಎನ್‌ಎ ಬದಲಾಗಿದೆಯಾ ಅಂತ ನೋಡುವ ಪರೀಕ್ಷೆ) ಮಾಡಿ ಜೆಲ್ ಓಡಿಸಿದರೆ ಒಂದೇ ಬ್ಯಾಂಡ್, ಅಂದರೆ ಬದಲಾವಣೆ ಇಲ್ಲ. ಗೈಡ್ ಆರಿಸುವ ಸಾಫ್ಟ್‌ವೇರ್ ಒಳ್ಳೇ ಅಂಕ ಕೊಟ್ಟದ್ದೇ ಇದು. ಮುಂದಿನ ವಾರ ಮಾರ್ಗದರ್ಶಕ ಸರ್‌ಗೆ ಬೇರೆ ತೋರಿಸಬೇಕು. ಯಾರಾದ್ರೂ ಹೇಳಿ.

ಸೂಜಿಮಲ್ಲಿಗೆ (ಉಡುಪಿ)
ಎಲ್ಲಿಗೆ ಚುಚ್ಚುತ್ತೀರಿ? ಯಾವಾಗ? 28.5 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಗೆಲ್ಲ ಒಂದು ಸೆಲ್ ಎರಡಾಗಿರುತ್ತದೆ. ಹನಿ ಎಷ್ಟು ದೊಡ್ಡದು ಅಂತಲೂ ಹೇಳಲಿಲ್ಲ.

ಆರ್‌ಎನ್‌ಏಸ್ ವೈರಿ
ನೂರಕ್ಕೆ ನೂರು ಆರ್‌ಎನ್‌ಏಸ್, ಆರ್‌ಎನ್‌ಎ ತಿಂದುಹಾಕುವ ಕಿಣ್ವ. ಮಂಗಳೂರಿನ ಸೆಕೆ, ಬೆವರು ಕೈ. ಗ್ಲೌಸ್ ಬದಲಿಸಿ, ಪಿಪೆಟ್ ಒರೆಸಿ, ಗೈಡ್ ಹೊಸದು ತರಿಸಿ.

ಬಂಗುಡೆ ಪುಳಿಮುಂಚಿ
ಅದೇ ಗೈಡ್ ಟ್ಯೂಬಿನಲ್ಲಿ ಕತ್ತರಿಸಿತು ಅಂದೆನಲ್ಲ? ಆರ್‌ಎನ್‌ಏಸ್ ಇದ್ದರೆ ಅಲ್ಲಿಯೂ ಕೈಕೊಡಬೇಕಿತ್ತು. ಚುಚ್ಚುವುದು ಸೆಲ್‌ಗೇ, ಮೊಟ್ಟೆ ಬಿದ್ದ ಕೂಡಲೇ. ಫೀನಾಲ್ ರೆಡ್ ಬಣ್ಣ ಹಾಕಿದ್ದೇನೆ, ಒಳಗೆ ಕೆಂಪು ಚುಕ್ಕೆ ಹರಡುವುದು ಕಾಣುತ್ತದೆ. ಹನಿ 1 ನ್ಯಾನೊಲೀಟರ್. ಎಣ್ಣೆಯಲ್ಲಿ ಬಿಟ್ಟು ಸ್ಕೇಲ್ ಸ್ಲೈಡ್ ಮೇಲೆ ನೋಡಿದರೆ ಅಡ್ಡಳತೆ 0.125 ಮಿ.ಮೀ. ಇದೆ.

ಆರ್‌ಎನ್‌ಏಸ್ ವೈರಿ
ಟ್ಯೂಬ್ ಸರಿ ಇದ್ದರೆ ಸೂಜಿ ಸರಿ ಇರಬೇಕು ಅಂತ ಉಂಟಾ? ಗಾಜಿನ ಕ್ಯಾಪಿಲರಿ ಯಾರು ಯಾರು ಮುಟ್ಟಿದ್ದು?

ಸೂಜಿಮಲ್ಲಿಗೆ
ಸೆಲ್‌ಗೇ ಅಂತ ಹಟ ಯಾಕೆ? ಹಳದಿ ಭಾಗಕ್ಕೆ ಕೊಟ್ಟರೂ ಒಳಗಿನ ಹರಿವು ಸೆಲ್‌ಗೆ ಒಯ್ಯುತ್ತದೆ. ನಾವು ಯಾವಾಗಲೂ ಹಾಗೇ ಮಾಡುವುದು.

ಕಟಪಾಡಿ ಕ್ಲೋನ್
ಅದು ಪ್ರೋಟೀನ್ ಬದಲು ಅದರ ಎಂಆರ್‌ಎನ್‌ಎ ಚುಚ್ಚುತ್ತಿದ್ದ ಕಾಲದ ಅಭ್ಯಾಸ ಮೇಡಂ. ಪ್ರೋಟೀನ್ ಆದರೆ ಸೆಲ್ಲೇ ಒಳ್ಳೆಯದು. ಉಪ್ಪು ಕಡಿಮೆಯಾದರೆ ಪ್ರೋಟೀನ್-ಗೈಡ್ ಗಂಟು ಕಟ್ಟುತ್ತದೆ. ನಾನು ಪೊಟ್ಯಾಸಿಯಂ ಕ್ಲೋರೈಡ್ 300 ಮಿಲಿಮೋಲಾರ್ ಇಡುತ್ತೇನೆ.

ಸೂಜಿಮಲ್ಲಿಗೆ
ಅಭ್ಯಾಸ ಹಳತಾದರೂ ಮರಿ ಬರುತ್ತವಲ್ಲ ಸರ್.

ಗುಡ್ಡೆಬಾವಿ
ಎಲ್ಲ ಬಿಟ್ಟು ನೀರು ನೋಡಿ. ನಮ್ಮ ಮುರಕಲ್ಲಿನ ಬಾವಿ ನೀರು ಹುಳಿ, ಪಿಎಚ್ ಏಳಕ್ಕೆ ಏರುವುದೇ ಇಲ್ಲ. ನಾನು ಫಿಲ್ಟರ್‌ಗೆ ಮರುವಾಯಿ ಚಿಪ್ಪು ಪುಡಿ ಮಾಡಿ ತುಂಬಿದ್ದೇನೆ, ಒಂದು ರೂಪಾಯಿ ಖರ್ಚಿಲ್ಲ. ಮೂರು ಅಂತಸ್ತಿನ ರ‍್ಯಾಕ್, ಇನ್ವರ್ಟರ್ ಬೇರೆ. ಮಳೆಗಾಲದಲ್ಲಿ ಇಡೀ ಊರು ಕತ್ತಲಾದರೂ ನನ್ನ ಮೀನುಗಳಿಗೆ ಗಾಳಿ ಹೋಗುತ್ತಿರುತ್ತದೆ. ಫೋಟೋ ಹಾಕಲಾ?

ಕಟಪಾಡಿ ಕ್ಲೋನ್
ಫೋಟೋ ಆಮೇಲೆ ಅಣ್ಣ. ಬಂಗುಡೆಯವರೇ, ಟೈರೊಸಿನೇಸ್ ಕಂಟ್ರೋಲ್ (ಕಪ್ಪು ಬಣ್ಣದ ಜೀನ್ ಕತ್ತರಿಸಿ ವಿಧಾನ ಸರಿ ಉಂಟಾ ಅಂತ ನೋಡುವುದು) ಮಾಡಿದ್ದೀರಾ? ಮೀನು ಯಾವ ತಳಿ?

ಬಂಗುಡೆ ಪುಳಿಮುಂಚಿ
ಮಾಡದೆ ಇರುತ್ತೇನಾ? ಎರಡನೇ ದಿನ ಕೆಲವು ಮರಿಗಳ ಕಣ್ಣು ಪೂರ್ತಿ ಬಿಳಿ, ಕೆಲವದರದ್ದು ಅರ್ಧ. ತಳಿ ಅಂತ ಏನಿಲ್ಲ, ಜೀಬ್ರಾಮೀನು. ಪೇಟೆಯ ಅಕ್ವೇರಿಯಂ ಅಂಗಡಿಯದ್ದು, ಇಲ್ಲೇ ಮರಿ ಮಾಡಿಸಿದ್ದು.

ಕಟಪಾಡಿ ಕ್ಲೋನ್
ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ್ರೆ! ಕಣ್ಣು ಬಿಳಿಯಾಯಿತು ಅಂದರೆ ಸೂಜಿ, ಪ್ರೋಟೀನ್, ನೀರು, ಬೆವರು ಎಲ್ಲ ಸರಿ ಉಂಟು. ಉಳಿದದ್ದು ನಿಮ್ಮ ಗೈಡ್ ಕೂರುವ ಜಾಗ ಒಂದೇ. ಸಾಫ್ಟ್‌ವೇರ್ ನೋಡುವ ರೆಫರೆನ್ಸ್ ಜೀನೋಮ್ (ಮಾದರಿಗೆ ಓದಿಟ್ಟ ಪೂರ್ತಿ ಡಿಎನ್‌ಎ) ಟ್ಯೂಬಿಂಗೆನ್ ತಳಿಯದ್ದು. ಅಂಗಡಿ ಮೀನಿನಲ್ಲಿ ಅಲ್ಲಲ್ಲಿ ಡಿಎನ್‌ಎ ಅಕ್ಷರ ಬೇರೆ ಇರುವುದು ಮಾಮೂಲು. 20 ಅಕ್ಷರದ ಗುರಿಯ ಪಕ್ಕದಲ್ಲೇ ಎನ್‌ಜಿಜಿ (ಯಾವುದಾದರೊಂದು ಅಕ್ಷರ, ಮತ್ತೆ ಎರಡು ಜಿ) ಬೇಕು. ಆ ಜಿಯಲ್ಲಿ ಒಂದು ಹೋದರೂ ಕತ್ತರಿ ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಟ್ಯೂಬಿಗೆ ಹಾಕಿದ ಡಿಎನ್‌ಎ ನಿಮ್ಮ ಮೀನಿನದ್ದಾ?

ಬಂಗುಡೆ ಪುಳಿಮುಂಚಿ
ಅಲ್ಲ, ಆರ್ಡರ್ ಮಾಡಿ ತರಿಸಿದ ಸಿಂಥೆಟಿಕ್ ತುಂಡು. ರೆಫರೆನ್ಸ್ ನೋಡಿಯೇ ಬರೆದದ್ದು.

ಕಟಪಾಡಿ ಕ್ಲೋನ್
ಮತ್ತೆಂತ! ಅಲ್ಲಿ ಕತ್ತರಿಸದೆ ಇರುತ್ತದಾ? ಮೊಟ್ಟೆ ಇಡುವ ಜೋಡಿಗಳ ಬಾಲದ ತುದಿ ಚೂರು ತೆಗೆದು ಪಿಸಿಆರ್ ಮಾಡಿ ಅಕ್ಷರ ಓದಿಸಲು ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಿ. ಟಿ7 ನಂಬಿ ಕೂರಬೇಡಿ, ಒಂದಕ್ಷರದ ವ್ಯತ್ಯಾಸ ಅದು ಸರಿಯಾಗಿ ಹಿಡಿಯುವುದಿಲ್ಲ.

ಆರ್‌ಎನ್‌ಏಸ್ ವೈರಿ
ಕಳಿಸಿ. ಆದರೂ ಗ್ಲೌಸ್ ಬದಲಿಸಿ.

ಬಂಗುಡೆ ಪುಳಿಮುಂಚಿ
ಸೀಕ್ವೆನ್ಸ್ ಬಂತು. ಎರಡನೇ ಜಿ ಇರಬೇಕಾದ ಕಡೆ ಎ ಕೂತಿದೆ, ಕಳಿಸಿದ ಎಲ್ಲ ಮೀನಿನಲ್ಲೂ. ಈಗ ನಮ್ಮ ಮೀನಿನ ಸೀಕ್ವೆನ್ಸ್ ನೋಡಿ ಬೇರೆ ಎಕ್ಸಾನ್‌ಗೆ (ಜೀನಿನ ಬೇರೆ ತುಂಡಿಗೆ) ಎರಡು ಗೈಡ್ ಬರೆದಿದ್ದೇನೆ. ದುಡ್ಡು ಎಲ್ಲಿಂದ ಅಂತ ಸರ್ ಹತ್ತಿರ ಕೇಳಬೇಕು.

ಗುಡ್ಡೆಬಾವಿ
ಒಳ್ಳೇದಾಯ್ತು. ಹಾಗೆಯೇ ಒಂದು ಡೌಟ್: ಮಲ್ಪೆಯಿಂದ ತಂದ ಸಮುದ್ರದ ನೀರಿನಲ್ಲಿ ಆರ್ಟೀಮಿಯಾ (ಮೀನಿಗೆ ತಿನ್ನಿಸುವ ಸಣ್ಣ ಸಿಗಡಿ) ಮೊಟ್ಟೆ ಈ ತಿಂಗಳು ಸರಿಯಾಗಿ ಒಡೆಯುತ್ತಿಲ್ಲ. ಯಾಕಿರಬಹುದು?

ಸೂಜಿಮಲ್ಲಿಗೆ
ಅಳಿವೆ ಬಾಗಿಲ ಹತ್ತಿರ ತುಂಬಿಸಿದ್ದಾ? ಮಳೆಗಾಲದಲ್ಲಿ ಅಲ್ಲಿ ನೀರು ಸಪ್ಪೆ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಹೇಳುತ್ತೇನೆ.