ಮಲ್ಪೆಯ ಬಾಸೆಲ್ ಮಿಷನ್ ಸಭೆ: ನಾವು ಲೂಥರನ್ನರೋ ಅಲ್ಲವೋ? ಕಳ್ಳಿನ ಮೇಲೆ ಅಷ್ಟು ಕೋಪ ಯಾಕೆ?

ಮಲ್ಪೆಯ ಮೊಮ್ಮಗಳು ಕೇಳಿದ್ದು:

ನನ್ನ ತಾಯಿಯ ತವರು ಮಲ್ಪೆ. ಮುತ್ತಜ್ಜ ಅಲ್ಲಿನ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಈಗ ಮಂಗಳೂರಿನ ಕಥೋಲಿಕ ಕುಟುಂಬದ ಹುಡುಗನೊಂದಿಗೆ ಮದುವೆ ಗೊತ್ತಾಗಿದೆ. ಅವರ ಮನೆಯವರು ಒಳ್ಳೆಯವರು. ಆದರೆ ಅವರು ಕೇಳುವ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ.

"ನೀವು ಯಾವ ಪ್ರೊಟೆಸ್ಟಂಟರು, ಲೂಥರನ್ನರೇ?" ಎಂದು ಕೇಳಿದರು. ಅಮ್ಮ "ಬಾಸೆಲ್ ಮಿಷನ್" ಎಂದಷ್ಟೇ ಹೇಳಿ ಚಹಾ ತರಲು ಒಳಗೆ ಹೋದರು. ಎರಡನೆಯದು, ನಿಶ್ಚಿತಾರ್ಥದ ದಿನ ವೈನ್ ಲೋಟ ಎತ್ತಿ ಹರಸುವಾಗ ನನ್ನ ಸೋದರಮಾವ ಲೋಟವನ್ನು ತುಟಿಯ ಹತ್ತಿರ ತಂದು ಹಾಗೆಯೇ ಕೆಳಗಿಟ್ಟರು. ಕೇಳಿದರೆ, "ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕುಡಿತ ಮೊದಲಿನಿಂದಲೂ ಇಲ್ಲ" ಎನ್ನುತ್ತಾರೆ. ಮೂರನೆಯದು, ನಮ್ಮ ಮನೆ ಹೆಸರು ಬಂಗೇರ. ಬಂಗೇರ ಎಂದರೆ ಕರಾವಳಿಯ ಬಿಲ್ಲವ ಜಾತಿಯವರಲ್ಲವೇ ಎಂದು ಅತ್ತೆಯಾಗುವವರು ಕೇಳಿದರು. ತಿಳಿದವರು ಹೇಳಿ. ಧರ್ಮಪ್ರಚಾರದ ಕರಪತ್ರ ಬೇಡ, ಬೈಗುಳವೂ ಬೇಡ.

ನಿವೃತ್ತ ಮೇಷ್ಟರು:

ನಾನು ಇದೇ ಕರಾವಳಿಯ ಒಂದು ಬಾಸೆಲ್ ಸಭೆಯಲ್ಲಿ ಬಹಳ ಕಾಲ ಹಿರಿಯನಾಗಿದ್ದವನು, ಲೆಕ್ಕಪತ್ರವನ್ನೂ ನೋಡಿಕೊಂಡವನು. ಬರೆಯುವುದು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲ ಪ್ರಶ್ನೆಗೆ ಉತ್ತರ: ಲೂಥರನ್ನರು ಹೌದೂ ಹೌದು, ಅಲ್ಲವೂ ಹೌದು. ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿತು. ಬಾಸೆಲ್‌ನ ಪ್ರೊಟೆಸ್ಟಂಟರು ರಿಫಾರ್ಮ್ಡ್ ಸಂಪ್ರದಾಯದವರು, ಅಂದರೆ ಲೂಥರನನ್ನಲ್ಲ, ಜ್ವಿಂಗ್ಲಿ, ಕಾಲ್ವಿನ್ ಎಂಬ ಸುಧಾರಕರನ್ನು ಅನುಸರಿಸಿದವರು. ಇಲ್ಲಿಗೆ ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ನರು. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದ್ದು ಪಯಟಿಸಂ ಎಂಬ ಭಕ್ತಿಪಂಥ. ಪಂಗಡ ಯಾವುದಾದರೂ ಆಗಲಿ, ನೀನು ಮನಸ್ಸು ತಿರುಗಿಸಿಕೊಂಡೆಯೋ ಇಲ್ಲವೋ, ಮನೆಯಲ್ಲಿ ದಿನವೂ ಬೈಬಲ್ ಓದುತ್ತೀಯೋ ಇಲ್ಲವೋ, ನಿನ್ನ ನಡತೆ ಊರಿಗೆ ಕಾಣುತ್ತದೆಯೋ ಇಲ್ಲವೋ, ಇಷ್ಟೇ ಅವರ ಪರೀಕ್ಷೆ. ಹಾಗಾಗಿ ನಮ್ಮಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಉಂಟು, ದೊಡ್ಡವರಾದ ಮೇಲೆ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ದೃಢೀಕರಣ ಉಂಟು, ಅದಕ್ಕೆ ಲೂಥರನ ಪ್ರಶ್ನೋತ್ತರ ರೂಪದ ಧರ್ಮಪಾಠವನ್ನು ಬಾಯಿಪಾಠ ಮಾಡಿದ್ದೂ ಉಂಟು. ಆದರೆ ದೇವಾಲಯದೊಳಗೆ ಬೋಳು ಗೋಡೆ. ಪ್ರತಿಮೆ ಇಲ್ಲ, ಸಂತರಿಗೆ ಹರಕೆ ಇಲ್ಲ. ಆಡಳಿತಕ್ಕೆ ಸಭಾಪಾಲಕರ ಜೊತೆ ಹಿರಿಯರ ಮಂಡಳಿ. ನಿಮ್ಮ ಬೀಗರಿಗೆ ಇಷ್ಟು ಹೇಳಿದರೆ ಸಾಕು.

ಹಾಡುಗಾರಿಕೆಯಲ್ಲಂತೂ ನಾವು ಇಂದಿಗೂ ಅರ್ಧ ಜರ್ಮನರು. ಕೋರಲ್ ಎಂಬ ನಾಲ್ಕು ಧ್ವನಿಯ ಸ್ತುತಿಗೀತೆ, ಒಂದೊಂದು ಸಾಲಿನ ಕೊನೆಗೂ ದೀರ್ಘ ನಿಲುಗಡೆ. ನನ್ನ ಹೆಂಡತಿ ಹಾಡುವುದು ಆಲ್ಟೋ, ಅಂದರೆ ಹೆಂಗಸರ ಕೆಳಧ್ವನಿ. ಅಡುಗೆಮನೆಯಲ್ಲೂ ಆಲ್ಟೋ ಮಾತ್ರ ಹಾಡುತ್ತಾಳೆ, ಹಾಗಾಗಿ ಮೂಲ ರಾಗ ಯಾವುದೆಂದು ಮೊಮ್ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ನಿಘಂಟಿನ ಕಿಟ್ಟೆಲ್ ಪಾದ್ರಿ ಮಾತ್ರ ಬೇರೆ ದಾರಿ ಹಿಡಿದು, 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೊಸೆದರು. ಆ ದಾರಿಯಲ್ಲಿ ನಮ್ಮವರು ಮುಂದೆ ಹೋಗಲಿಲ್ಲ ಎನ್ನುವುದು ನನ್ನ ಹಳೆಯ ದೂರು.

ಈಗ ಕಳ್ಳಿನ ವಿಷಯ. ನಿಮ್ಮ ಮನೆತನದ ಚರಿತ್ರೆಯ ಬೀಗದ ಕೈ ಇರುವುದು ಇಲ್ಲಿ.

ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್‌ನಲ್ಲಿ. ಉಡುಪಿಯಲ್ಲಿ ಕೇಂದ್ರ ತೆರೆದದ್ದು 1854ರಲ್ಲಿ. ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಹೆಚ್ಚಿನವರು ಬಿಲ್ಲವರು, ಅವರಲ್ಲಿ ಬಹಳ ಮಂದಿಯ ಕಸುಬು ಮೂರ್ತೆ, ಅಂದರೆ ಮರದಿಂದ ಕಳ್ಳು ಇಳಿಸುವುದು. ಪಯಟಿಸ್ಟರಿಗೆ ಕುಡಿತವೆಂದರೆ ಪಾಪ. ಕುಡಿಯುವುದು ಪಾಪವಾದರೆ ಇಳಿಸಿ ಮಾರುವುದೂ ಪಾಪವೇ. ಸಭೆಗೆ ಸೇರಬೇಕಾದರೆ ತಾಳೆಮರ ಹತ್ತುವುದನ್ನು ಬಿಡಬೇಕು, ಮನೆಯ ಭೂತಾರಾಧನೆಯನ್ನೂ (ತುಳುನಾಡಿನ ದೈವಗಳ ಪೂಜೆಯನ್ನೂ) ಬಿಡಬೇಕು. ಹಾಗೆಂದರೆ ಏನು ಎಂದು ಸ್ವಲ್ಪ ಯೋಚಿಸಿ. ಕಸುಬು ಹೋಯಿತು. ಒಕ್ಕಲಿನ ಜಾಗ ಧಣಿಯದು, ಧಣಿಯ ಭೂತದ ಕೋಲಕ್ಕೆ, ಅಂದರೆ ಉತ್ಸವಕ್ಕೆ, ಚಾಕರಿ ಮಾಡುವುದಿಲ್ಲ ಎಂದವನಿಗೆ ಅಲ್ಲಿ ಎಷ್ಟು ದಿನ ಜಾಗ? ಕುಟುಂಬದವರು ಹೊರಗೆ ಹಾಕಿದರು. ಒಂದು ದೀಕ್ಷಾಸ್ನಾನಕ್ಕೆ ಮನೆಮಂದಿಯೆಲ್ಲ ಬೀದಿಗೆ ಬಂದ ಹಾಗೆ.

ಇವರಿಗೆಲ್ಲ ಹೊಟ್ಟೆಗೇನು? ಪಾದ್ರಿಗಳು ತಲೆ ಕೆಡಿಸಿಕೊಂಡು ಏನೇನೋ ಮಾಡಿ ನೋಡಿದರು. ಗಡಿಯಾರ ಕಟ್ಟುವುದನ್ನೂ ಕಲಿಸಿದರು, ಅದು ನಡೆಯಲಿಲ್ಲ. ಅಚ್ಚುಕೂಟ ನೆಲೆಯೂರಿತು, ಮಗ್ಗ ನೆಲೆಯೂರಿತು. ನೇಯ್ಗೆ ಶಾಲೆಯ ಹಾಲರ್ ಕಂಡುಹಿಡಿದರು ಎನ್ನುವ ಖಾಕಿ ಬಣ್ಣದ ಕಥೆಯನ್ನು ನೀವು ಕೇಳಿರಬಹುದು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ನದಿಯ ಜೇಡಿಮಣ್ಣಿನಿಂದ ಹೆಂಚು ಮಾಡಿಸಿದರು. 1886ರಲ್ಲಿ ಮಲ್ಪೆಯಲ್ಲೂ ಕಾರ್ಖಾನೆ ಬಂತು. ನಿಮ್ಮ ಮುತ್ತಜ್ಜ ಅಲ್ಲಿಗೆ ತಲುಪಿದ್ದು ಹೀಗೆ. ಕಳ್ಳು ಬೇಡ ಎಂಬ ನಂಬಿಕೆ ಇಲ್ಲದಿದ್ದರೆ ಮಂಗಳೂರು ಹೆಂಚು ಇಷ್ಟು ಬೇಗ ಊರೂರಿಗೆ ಹೋಗುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಕುಡಿದವನನ್ನು ಹಿರಿಯರು ಕರೆಸಿ ಕೇಳುತ್ತಿದ್ದರು. ತಿದ್ದಿಕೊಳ್ಳದಿದ್ದರೆ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಬರಕೂಡದು ಎಂಬ ಶಿಕ್ಷೆ. ಸಂಬಳ, ವಸತಿ, ದೇವಾಲಯ ಎಲ್ಲವೂ ಒಂದೇ ಕೈಯಲ್ಲಿದ್ದಾಗ ಆ ಶಿಕ್ಷೆ ಬರೀ ಆತ್ಮದ ವಿಷಯವಾಗಿ ಉಳಿಯಲಾರದು. ನಿಮ್ಮ ಸೋದರಮಾವ ಲೋಟ ಕೆಳಗಿಟ್ಟದ್ದು ಆ ಹೆದರಿಕೆಯ ಮೂರನೆಯ ತಲೆಮಾರು. ಕರ್ತನ ಭೋಜನದ ದ್ರಾಕ್ಷಾರಸದ ಬಗ್ಗೆ ಮರುಪ್ರಶ್ನೆ ಬರುತ್ತದೆಂದು ಗೊತ್ತು. ಅದು ಒಂದೇ ಗುಟುಕು, ಅದಕ್ಕೂ ಮೊದಲು ಪಾಪದ ಅರಿಕೆ.

ಗರೋಡಿ ಹತ್ತಿರದವನು:

ನಾನು ಬಿಲ್ಲವ, ನಮ್ಮದೂ ಬಂಗೇರ ಬರಿ (ಬರಿ ಎಂದರೆ ತುಳುವರ ಕುಲ). ಅಕ್ಕಾ, ನಿಮ್ಮ ಅತ್ತೆಯವರಿಗೆ ಹೇಳಿ: ಬಂಗೇರ ಬಿಲ್ಲವರಲ್ಲೂ ಉಂಟು, ಮೀನುಗಾರ ಮೊಗವೀರರಲ್ಲೂ ಉಂಟು. ಅದು ಜಾತಿಯಲ್ಲ, ಬರಿ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಬರಿ ಬರುವುದು ತಾಯಿಯಿಂದ, ಅಳಿಯಸಂತಾನ. ನಿಮ್ಮವರು ಕ್ರೈಸ್ತರಾದ ಮೇಲೆ ಅಪ್ಪನ ಬರಿಯನ್ನೇ ಮಕ್ಕಳಿಗೆ ಹೆಸರಾಗಿ ಇಟ್ಟರು. ಆಸ್ತಿಯೂ ಹಾಗೆಯೇ, ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತಿದ್ದದ್ದು ಅಪ್ಪನಿಂದ ಮಕ್ಕಳಿಗೆ ಬಂತು. ಮತ ಬದಲಾದದ್ದಕ್ಕಿಂತ ಇದು ದೊಡ್ಡ ಬದಲಾವಣೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು.

ಮೇಷ್ಟರೇ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಹಿರಿಯರು ಹೇಳುವುದು ಬೇರೆ: ಕಾರ್ಖಾನೆಯ ಸಂಬಳಕ್ಕಾಗಿ ಹೋದರು ಅಂತ. ಇನ್ನೂ ಒಂದು ಮಾತು. ಮರ್ಯಾದೆ ಹುಡುಕಿಕೊಂಡು ಎಲ್ಲರೂ ಮಿಷನ್ನಿಗೇ ಹೋಗಲಿಲ್ಲ. 1870ರ ಹೊತ್ತಿಗೆ ಮಂಗಳೂರಿನಲ್ಲಿ ಬ್ರಹ್ಮಸಮಾಜ ಎಂಬ ಸುಧಾರಣಾ ಪಂಥವನ್ನು ಕರೆಸಿಕೊಂಡವರಲ್ಲೂ ನಮ್ಮವರಿದ್ದರು. 1912ರಲ್ಲಿ ಕೇರಳದ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ದೇವರ ಪ್ರತಿಷ್ಠೆ ಮಾಡಿದ ಮೇಲೆ ನಮಗೆ ನಮ್ಮದೇ ದೇವಸ್ಥಾನ ಸಿಕ್ಕಿತು.

ಬೆಟಗೇರಿಯವರು:

ನಾನು ಗದಗ-ಬೆಟಗೇರಿಯ ಸಭೆಯವಳು. ನಮ್ಮಲ್ಲೂ ಇದೇ ಮಿಷನ್, ಊರಿನವರು ನಮ್ಮ ಆಸ್ಪತ್ರೆಯನ್ನು ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಆದರೆ ನಮ್ಮ ಕಥೆ ಬೇರೆ. ಬೆಟಗೇರಿ, ಗುಳೇದಗುಡ್ಡಗಳಲ್ಲಿ ಸಭೆಗೆ ಬಂದವರಲ್ಲಿ ನೇಕಾರರು ಬಹಳ. ಮಗ್ಗದಲ್ಲಿ ಪಾಪವೇನಿದೆ? ಶನಿವಾರ ನೇಯ್ದ ಸೀರೆಯನ್ನೇ ಸೋಮವಾರವೂ ಮುಂದುವರಿಸಿದರು, ಭಾನುವಾರ ಮಾತ್ರ ಲಾಳಿ ಮುಟ್ಟಲಿಲ್ಲ. ಹತ್ತಿರದ ಮಲಸಮುದ್ರದಲ್ಲಿ ಹೊಸಬರಿಗೆಂದೇ ಬೇಸಾಯದ ವಸಾಹತು ಮಾಡಲು ಹೋದರು, ಅದು ಕೈಗೂಡಲಿಲ್ಲ. ಮೇಷ್ಟರ ಮಾತು ಕರಾವಳಿಗೆ ಸರಿ, ಎಲ್ಲ ಕಡೆಗೂ ಹಚ್ಚಬೇಡಿ.

ನಿವೃತ್ತ ಮೇಷ್ಟರು:

ಬೆಟಗೇರಿಯ ತಾಯಿ ಹೇಳಿದ್ದು ನನ್ನ ಮಾತಿಗೇ ಬಲ ಕೊಟ್ಟಿತು. ಕಸುಬು ಉಳಿದ ಕಡೆ ಹೊಸ ಕಸುಬು ಹುಡುಕಬೇಕಾಗಿರಲಿಲ್ಲ.

ಗರೋಡಿಯ ತಮ್ಮನಿಗೆ: ಬೇಸರವಿಲ್ಲ. ಮಂಗಳೂರಿಗೆ ಮಿಷನ್ ಬಂದು 31 ವರ್ಷಗಳ ಮೇಲೆ ಮೊದಲ ಹೆಂಚು, ಇನ್ನೂ 21 ವರ್ಷಗಳ ಮೇಲೆ ಮಲ್ಪೆ. ಮೊದಲು ಬಂದವರು ಕಳೆದುಕೊಂಡೇ ಬಂದರು. ಆಮೇಲೆ ಬಂದವರಲ್ಲಿ ಸಂಬಳ ನೋಡಿ ಬಂದವರು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಸಿದವನು ದೇವರನ್ನೂ ಅನ್ನವನ್ನೂ ಒಟ್ಟಿಗೆ ಕೇಳಿದರೆ ಅದರಲ್ಲಿ ಎಷ್ಟು ಪಾಲು ಯಾವುದೆಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಆದರೆ 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಪಾದ್ರಿಗಳನ್ನು ಸರ್ಕಾರ ಸೆರೆಯಲ್ಲಿಟ್ಟಿತು, ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಸಂಬಳ ಕೊಡುವವನೂ ಉಪದೇಶ ಮಾಡುವವನೂ ಬೇರೆಯಾದರು. ಸಂಬಳಕ್ಕಾಗಿ ಮಾತ್ರ ಬಂದ ಸಭೆಯಾಗಿದ್ದರೆ ಆಗಲೇ ಚದುರಬೇಕಿತ್ತು. ಚದುರಲಿಲ್ಲ. ಊರಿನ ಉಪದೇಶಿಗಳೂ ಹಿರಿಯರೂ ಬೆಳೆ ಹಬ್ಬದಲ್ಲಿ ಕಾಣಿಕೆ ಬಂದ ಫಸಲಿನ ಏಲಂ ಹಣದಲ್ಲಿ ದೀಪದ ಎಣ್ಣೆ ಹಾಕಿ ನಡೆಸಿದರು. ಈಗಲೂ ಆ ಹಬ್ಬದಲ್ಲಿ ಒಂದು ಹಲಸಿನಹಣ್ಣನ್ನು ಮೂರು ಮಂದಿ ಹಟಕ್ಕೆ ಬಿದ್ದು ಕೂಗಿ, ಗೆದ್ದವನು ಅದನ್ನು ಮತ್ತೆ ಏಲಂಗೆ ಬಿಡುವುದುಂಟು.

ಮಲ್ಪೆಯ ಮೊಮ್ಮಗಳು:

ಎಲ್ಲರಿಗೂ ವಂದನೆ. ಗರೋಡಿಯ ಅಣ್ಣ ಹೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಅವರು ಸುಮ್ಮನೆ ಕೂತು ಕೇಳಿದರು. ಮೇಷ್ಟರೇ, ಇನ್ನು ಎರಡು ಪ್ರಶ್ನೆ. ಒಂದೇ ಮಿಷನ್ನಿನ ಸಭೆಗಳಾದರೂ ಕೆಲವು ದೇವಾಲಯಗಳ ಮುಂದೆ ಸಿ.ಎಸ್.ಐ. ಎಂದಿದೆ, ಕೆಲವುಗಳ ಮುಂದೆ ಯು.ಬಿ.ಎಂ.ಸಿ. ಎಂದಿದೆ, ಯಾಕೆ? ಮುತ್ತಜ್ಜನ ಹೆಸರನ್ನು ಎಲ್ಲಿ ಹುಡುಕಲಿ?

ನಿವೃತ್ತ ಮೇಷ್ಟರು:

1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು, ಅದೇ ಸಿ.ಎಸ್.ಐ. ಬಾಸೆಲ್ ಸಭೆಗಳೆಲ್ಲ ಅದರೊಳಗೆ ಹೋಗಲಿಲ್ಲ. ಕೆಲವು ಯುನೈಟೆಡ್ ಬಾಸೆಲ್ ಮಿಷನ್ ಚರ್ಚ್ ಎಂದೇ ಉಳಿದವು. ಆ ಜಗಳದ ಒಳಗೆ ನಿಮ್ಮನ್ನು ಕರೆದೊಯ್ಯುವುದಿಲ್ಲ, ಮದುವೆಯ ಹೊತ್ತು.

ಹೆಸರು ಹುಡುಕಲು ಮೊದಲು ಸಭಾಪಾಲಕರಿಗೆ ಒಂದು ಪತ್ರ ಬರೆದು, ದೀಕ್ಷಾಸ್ನಾನದ ರಿಜಿಸ್ಟರ್ ನೋಡಲು ಅನುಮತಿ ಕೇಳಿ. ಭಾನುವಾರದ ಆರಾಧನೆ ಮುಗಿದ ಕೂಡಲೇ ಹೋಗಬೇಡಿ, ಆಗ ಹಿರಿಯರು ಕಾಣಿಕೆ ಎಣಿಸುತ್ತಿರುತ್ತಾರೆ. ಬಂಗೇರ ಎಂದಷ್ಟೇ ಹುಡುಕಿದರೆ ಪುಟವಿಡೀ ಬಂಗೇರರು ಸಿಗಬಹುದು. ಮುತ್ತಜ್ಜಿಯ ಹೆಸರು, ಮೊದಲ ಮಗುವಿನ ಹೆಸರು ಗೊತ್ತು ಮಾಡಿಕೊಂಡು ಹೋಗಿ. ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಕಾಗದಪತ್ರಗಳಿವೆ. ಬಾಸೆಲ್‌ನ ಪತ್ರಾಗಾರದವರು ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ, ಕಾರ್ಖಾನೆಗಳದ್ದೂ ಇವೆ. ಚಿತ್ರಗಳ ಕೆಳಗಿನ ಟಿಪ್ಪಣಿಯಲ್ಲಿ ಪಾದ್ರಿಯ ಹೆಸರಿರುತ್ತದೆ, ಕೆಲಸಗಾರರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಅದನ್ನೂ ಜೊತೆಗಿಟ್ಟುಕೊಂಡು ನೋಡಿ.