ಹಳ್ಳಿಯ ಮನೆಯಲ್ಲಿ ಯಕ್ಷಗಾನ, ಭಾವಗೀತೆ ಕೇಳಲು: ಚಂದಾ ಕಟ್ಟುವ ಆ್ಯಪ್ ಮೇಲೋ, ನಮ್ಮದೇ ಫೈಲುಗಳು ಮೇಲೋ?

ಪ್ರಶ್ನೆ: ಅಘನಾಶಿನಿ

ನನ್ನ ತಂದೆ ತಾಯಿ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ತಂದೆಯವರಿಗೆ ಯಕ್ಷಗಾನ, ವೇಷವಿಲ್ಲದೆ ಕುಳಿತು ಹಾಡು ಮಾತುಗಳಲ್ಲಿಯೇ ನಡೆಸುವ ತಾಳಮದ್ದಳೆ ಮತ್ತು ಸುಗಮ ಸಂಗೀತ ಎಂದರೆ ಪ್ರಾಣ. ಅಡಿಕೆ ಸುಲಿಯುವಾಗಲೂ ಸಂಜೆ ಜಗಲಿಯಲ್ಲಿ ಕುಳಿತಾಗಲೂ ಏನಾದರೊಂದು ಕೇಳುತ್ತಲೇ ಇರಬೇಕು. ಕೆಲವು ವರ್ಷಗಳ ಹಿಂದೆ ಅವರ ಫೋನಿಗೆ ಒಂದು ಸಂಗೀತದ ಆ್ಯಪ್ ಹಾಕಿಕೊಟ್ಟು, ಅವರು ಮೆಚ್ಚುವ ಪದ್ಯಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಿಕೊಟ್ಟಿದ್ದೆ. ಆ ಸೇವೆಯೇ ನಿಂತುಹೋದಾಗ ಪಟ್ಟಿಯೂ ಹೋಯಿತು, ಡೌನ್‌ಲೋಡ್ ಮಾಡಿಟ್ಟಿದ್ದ ಹಾಡುಗಳೂ ಹೋದವು. ಬೇರೊಂದು ಆ್ಯಪ್‌ನಲ್ಲಿ ಹುಡುಕಿದರೆ ಭಾವಗೀತೆಗಳು ಬಹುಪಾಲು ಸಿಕ್ಕವು. ಯಕ್ಷಗಾನದವು ಅರ್ಧದಷ್ಟೂ ಸಿಗಲಿಲ್ಲ, ಸಿಕ್ಕವುಗಳಲ್ಲಿಯೂ ಹಲವಕ್ಕೆ ಹಾಡಿದ ಭಾಗವತರ ಹೆಸರೇ ಇಲ್ಲ.

ನೆಟ್‌ವರ್ಕ್ ಮನೆಯೊಳಗೆ ಸಿಗುವುದಿಲ್ಲ, ಅಂಗಳದ ತುದಿಗೆ ಹೋದರೆ ಎರಡು ಕಡ್ಡಿ ಕಾಣಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಕೆಲವು ಗಂಟೆ ಕಳೆದರೆ ಟವರ್ ಕೂಡ ಮಲಗುತ್ತದೆ. ಆದರೂ ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕನ್ನು ತಪ್ಪದೆ ಹಾಕಿಸುತ್ತಿದ್ದೇವೆ. ಇನ್ನೊಂದು ವಿಷಯವೆಂದರೆ, ಕಪಾಟಿನಲ್ಲಿ ಎಂಬತ್ತು ಮತ್ತು ತೊಂಬತ್ತರ ದಶಕದ ಕ್ಯಾಸೆಟ್ಟುಗಳ ಒಂದು ರಾಶಿಯೇ ಇದೆ. ಕೆಲವು ಅಂಗಡಿಯಲ್ಲಿ ಕೊಂಡವು, ಉಳಿದವು ಸುತ್ತಲಿನ ಊರುಗಳ ತಾಳಮದ್ದಳೆಗಳಲ್ಲಿ ತಂದೆಯವರೇ ಧ್ವನಿಮುದ್ರಿಸಿಕೊಂಡವು. ಅವನ್ನು ನುಡಿಸುವ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಗಿದೆ.

ಕೈಯಲ್ಲಿರುವ ಹಣ ಸೀಮಿತ. ಒಳ್ಳೆಯ ಆ್ಯಪ್‌ಗೆ ವರ್ಷದ ಚಂದಾ ಕಟ್ಟುವುದು, ನೆಟ್‌ವರ್ಕ್ ಬದಲಿಸುವುದು, ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸುವುದು ಈ ಮೂರರಲ್ಲಿ ಮೊದಲು ಯಾವುದಕ್ಕೆ ಖರ್ಚು ಮಾಡುವುದು ಸರಿ?

ಕೇಳುಗ ಮೈಸೂರು

ಆ್ಯಪ್ ಒಂದು ಮುಚ್ಚಿತೆಂಬ ಕಾರಣಕ್ಕೆ ಆ್ಯಪ್‌ಗಳನ್ನೆಲ್ಲ ಬಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಭಾವಗೀತೆ, ಚಿತ್ರಗೀತೆ, ದಾಸರ ಪದಗಳ ಮಟ್ಟಿಗೆ ಇಂದು ಸ್ಟ್ರೀಮಿಂಗ್ ಸೇವೆಗಳಲ್ಲಿರುವಷ್ಟು ಸಂಗ್ರಹವನ್ನು ಸಾಮಾನ್ಯ ಕೇಳುಗನೊಬ್ಬ ಜೀವಮಾನವಿಡೀ ದುಡಿದರೂ ಕೂಡಿಹಾಕಲಾರ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಹಾಡುಗಳನ್ನು ಹೆಸರು ಬರೆದ ತಕ್ಷಣ ಕೇಳಬಹುದಾದ ಅನುಕೂಲ ಕಡಿಮೆಯದಲ್ಲ. ಹಾಡಿದವರಿಗೂ ಬರೆದವರಿಗೂ ಸ್ವಲ್ಪವಾದರೂ ಸಂಭಾವನೆ ನ್ಯಾಯವಾಗಿ ಸಲ್ಲುವ ದಾರಿಯೂ ಅದೇ.

ನಿಮ್ಮ ತೊಂದರೆ ಡೇಟಾದ ಪ್ರಮಾಣದಲ್ಲಿ ಇಲ್ಲ. ಸೆಕೆಂಡಿಗೆ 160 ಕಿಲೋಬಿಟ್‌ನಂತೆ ಕೇಳಿದರೆ ಒಂದು ಗಂಟೆಗೆ 72 ಎಂಬಿ ಸಾಕು. ದಿನಕ್ಕೆ ನಾಲ್ಕು ಗಂಟೆ ಕೇಳಿದರೂ 300 ಎಂಬಿ ದಾಟುವುದಿಲ್ಲ. ಕೊರತೆ ಇರುವುದು ಸಂಪರ್ಕದ ಸ್ಥಿರತೆಯಲ್ಲಿ. ಆದ್ದರಿಂದ ನೀವು ಊರಿಗೆ ಹೋಗುವ ಮುನ್ನ, ಒಳ್ಳೆಯ ವೈಫೈ ಇರುವಲ್ಲಿ ಅವರಿಗೆ ಬೇಕಾದುದನ್ನೆಲ್ಲ ಫೋನಿಗೆ ಇಳಿಸಿಕೊಡಿ. ಆದರೆ ಹೀಗೆ ಇಳಿಸಿದ ಹಾಡುಗಳು ಆ ಆ್ಯಪ್‌ನ ಒಳಗೆ ಮಾತ್ರ ತೆರೆಯುತ್ತವೆ ಎಂಬುದನ್ನು ಮರೆಯಬೇಡಿ. ಸ್ಪಾಟಿಫೈ ಇದ್ದರೆ 30 ದಿನಗಳಿಗೆ ಒಮ್ಮೆಯಾದರೂ ಫೋನು ಇಂಟರ್ನೆಟ್ಟಿಗೆ ತಾಕಬೇಕು, ಇಲ್ಲವಾದರೆ ಇಳಿಸಿದ್ದೂ ನುಡಿಯುವುದಿಲ್ಲ.

ಮದ್ದಳೆಪ್ರಿಯ

ಮೇಲಿನವರು ಭಾವಗೀತೆಯ ವಿಷಯದಲ್ಲಿ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ನನ್ನ ಉತ್ತರ ಸ್ಪಷ್ಟವಾಗಿದೆ: ಮೊದಲ ಹಣ ಕ್ಯಾಸೆಟ್ಟುಗಳಿಗೆ, ಅದರಲ್ಲೂ ನಿಮ್ಮ ತಂದೆಯವರು ಸ್ವತಃ ಮುದ್ರಿಸಿಕೊಂಡವುಗಳಿಗೆ ಹೋಗಲಿ. ಚಂದಾ ಮುಂದಿನ ವರ್ಷವೂ ಕಟ್ಟಬಹುದು. ಯಾವುದೋ ದೇವಸ್ಥಾನದ ಅಂಗಳದಲ್ಲಿ ಒಂದು ರಾತ್ರಿ ನಡೆದ ಕೂಟದಲ್ಲಿ ಪಾತ್ರಗಳ ಮಾತಾಗಿ ಹೇಳಿದ ಅರ್ಥ, ಆ ವಾದ, ಆ ಭಾಗವತರ ಆ ದಿನದ ಕಂಠ ಮತ್ತೆಲ್ಲಿಯೂ ಇಲ್ಲ. ಆ ಟೇಪು ಹಾಳಾದ ದಿನ ಅದು ಇಲ್ಲವಾಗುತ್ತದೆ.

ಸೇವೆಗಳು ಮುಚ್ಚುವುದು ಹೊಸದೇನೂ ಅಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು, ರೆಸ್ಸೊ ಭಾರತದಲ್ಲಿ 2024ರ ಜನವರಿಯಲ್ಲಿ ನಿಂತಿತು, ವಿಂಕ್ ಅನ್ನು ಮುಚ್ಚುವುದಾಗಿ ಏರ್‌ಟೆಲ್ ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಎಂಪಿ3 ಅಂಗಡಿಯನ್ನು ತೆರೆದು 2013ರಲ್ಲಿಯೇ ಬಾಗಿಲು ಹಾಕಿತು. ಆದರೆ ಅಲ್ಲಿ ಬೀಗವಿಲ್ಲದ ಫೈಲುಗಳನ್ನು ಮಾರುತ್ತಿದ್ದುದರಿಂದ, ಅಂದು ಕೊಂಡು ಜೋಪಾನ ಮಾಡಿದವರ ಬಳಿ ಆ ಹಾಡುಗಳು ಇಂದಿಗೂ ನುಡಿಯುತ್ತವೆ. ಬಾಡಿಗೆಯ ಹಾಡಿಗೂ ಸ್ವಂತದ ಹಾಡಿಗೂ ಇರುವ ವ್ಯತ್ಯಾಸ ಇಷ್ಟೇ.

ಈಗ ಕೆಲಸದ ಮಾತು. ಘಟ್ಟದ ಮೇಲಿನ ತೇವಕ್ಕೆ ಕ್ಯಾಸೆಟ್ಟಿನೊಳಗೆ ಬೂಷ್ಟು ಹಿಡಿದಿರುವ ಸಂಭವ ಹೆಚ್ಚು. ಕಿಟಕಿಯಂತಿರುವ ಪಾರದರ್ಶಕ ಭಾಗದಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಂಡರೆ ಅಂಥದನ್ನು ಯಂತ್ರಕ್ಕೆ ಹಾಕಲೇಬೇಡಿ. ಅದು ಟೇಪಿನಿಂದ ಧ್ವನಿಯನ್ನು ಓದುವ ಹೆಡ್ಡಿಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅವನ್ನು ಬೇರೆಯಾಗಿರಿಸಿ ಒಣ ಜಾಗದಲ್ಲಿಡಿ, ಕೊನೆಗೆ ಅನುಭವಸ್ಥರ ಕೈಗೆ ಕೊಡಿ. ಉಳಿದವುಗಳ ಬೆನ್ನಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಮನೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳಲ್ಲಿ ಅವು ಹಾಗೆಯೇ ಉಳಿದಿದ್ದರೆ ಮೊದಲು ಮುರಿದುಹಾಕಿ. ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಟೇಪು ಅಳಿಸಿಹೋಗುವುದಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಚಿಕ್ಕ ಬಟ್ಟೆಯ ತುಣುಕು ಉದುರಿದ್ದರೆ ಧ್ವನಿ ಮಂಕಾಗಿ ಏರಿಳಿಯುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಸುರುಳಿಯನ್ನು ಬೇರೊಂದು ಕವಚಕ್ಕೆ ವರ್ಗಾಯಿಸಬಹುದು. ನುಡಿಸುವ ಮುನ್ನ ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿದ್ದ ಪದರಗಳು ಸಡಿಲವಾಗುತ್ತವೆ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ. ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ಸ್ಕ್ರೂ ಹೆಡ್ಡಿನ ಓರೆಯನ್ನು ನಿರ್ಧರಿಸುತ್ತದೆ. ಮುದ್ರಿಸಿದ ಯಂತ್ರದ ಓರೆಗೂ ನುಡಿಸುವ ಯಂತ್ರದ ಓರೆಗೂ ಹೊಂದಿಕೆಯಾಗದಿದ್ದರೆ ಮೇಲಿನ ಸ್ವರಗಳೆಲ್ಲ ಸತ್ತುಹೋಗುತ್ತವೆ. ಭಾಗವತರ ತಾಳದ ನಾದವನ್ನು ಗಮನಿಸುತ್ತ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಆ ನಾದ ಅತ್ಯಂತ ಹರಿತವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಇದೊಂದನ್ನು ಮಾಡಿದರೆ ಮುಂದೆ ಕಂಪ್ಯೂಟರಿನಲ್ಲಿ ಮಾಡುವ ತಿದ್ದುಪಡಿಯ ಮುಕ್ಕಾಲು ಭಾಗ ಬೇಡವೇ ಬೇಡ.

ಈಗಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಬೇರೆ ಯಂತ್ರದ ಧ್ವನಿಯನ್ನು ಒಳತರುವ ಲೈನ್ ಇನ್ ರಂಧ್ರವಿಲ್ಲ, ಮೈಕಿನದನ್ನು ಬಳಸಿದರೆ ಧ್ವನಿ ಒಡೆಯುತ್ತದೆ. ಆದ್ದರಿಂದ ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಸಾಧನವೊಂದನ್ನು ಕೊಳ್ಳಿ. ಧ್ವನಿ ಮುದ್ರಿಸಿ ತಿದ್ದುವ ಅಡಾಸಿಟಿ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅತಿ ಜೋರಾದ ಜಾಗದಲ್ಲಿಯೂ ಮಟ್ಟ ಮೈನಸ್ 6 ಡೆಸಿಬಲ್ ಮೀರದಂತೆ ನೋಡಿಕೊಳ್ಳಿ. ಮೂಲ ಪ್ರತಿಯನ್ನು ಧ್ವನಿಯ ಗುಣಮಟ್ಟ ಕುಂದದ ಫ್ಲ್ಯಾಕ್ ರೂಪದಲ್ಲಿ ಇಟ್ಟು, ಕೇಳಲು ಬೇರೆಯಾಗಿ ಎಂಪಿ3 ಮಾಡಿ. ಅರವತ್ತು ನಿಮಿಷದ ನೂರು ಕ್ಯಾಸೆಟ್ಟುಗಳೆಂದುಕೊಂಡರೂ ಸೆಕೆಂಡಿಗೆ 192 ಕಿಲೋಬಿಟ್‌ನ ಎಂಪಿ3ಗಳು ಒಂಬತ್ತು ಜಿಬಿಯೊಳಗೆ ಮುಗಿಯುತ್ತವೆ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಗದ್ದಲ ತೆಗೆಯುವ ಸೌಲಭ್ಯವನ್ನು ಮಿತಿಮೀರಿ ಬಳಸಬೇಡಿ. ಹಿನ್ನೆಲೆಯ ಸುಯ್ ಎಂಬ ಸದ್ದು ಹೋಗುವುದರ ಜೊತೆಗೆ ತಾಳದ ಅನುರಣನವೂ ಮದ್ದಳೆಯ ಬಾಲನಾದವೂ ಕತ್ತರಿಸಿಹೋಗಿ, ಹಾಡು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಮೂಲ ಪ್ರತಿಗಂತೂ ಅದನ್ನು ಸೋಕಿಸಲೇಬೇಡಿ.

ಪ್ರಸಂಗ ಅಂದರೆ ಕಥೆ, ಭಾಗವತರು, ಅರ್ಥ ಹೇಳಿದ ಅರ್ಥಧಾರಿಗಳು, ಊರು, ವರ್ಷ ಇವನ್ನು ಪ್ರತಿ ಫೈಲಿಗೂ ಬರೆಯಿರಿ. ಇದನ್ನು ತಂದೆಯವರ ಜೊತೆ ಕುಳಿತೇ ಮಾಡಬೇಕು. ಧ್ವನಿ ಕೇಳಿ ಅರ್ಥಧಾರಿ ಯಾರೆಂದು ಹೇಳಬಲ್ಲವರು ಅವರೇ.

ತರಂಗಾಂತರ

ದೂರಸಂಪರ್ಕದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಕಾಡು ಮತ್ತು ಗುಡ್ಡದ ನಡುವಿನ ಮನೆಯಲ್ಲಿ ಕಂಪನಿಯ ಹೆಸರಿಗಿಂತ, ಹತ್ತಿರದ ಟವರು ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತಿದೆ ಎಂಬುದು ಮುಖ್ಯ. 2300 ಮೆಗಾಹರ್ಟ್ಸ್‌ನ ಸಂಕೇತ ವೇಗವಾಗಿದ್ದರೂ ಮರ ಮತ್ತು ದಪ್ಪ ಮಣ್ಣಿನ ಗೋಡೆಗಳನ್ನು ದಾಟಲು ಸೋಲುತ್ತದೆ. 700, 850, 900 ಮೆಗಾಹರ್ಟ್ಸ್‌ನವು ನಿಧಾನವಾದರೂ ದೂರ ಹೋಗುತ್ತವೆ, ಒಳಗೂ ಬರುತ್ತವೆ. ಜಿಯೋದ 4ಜಿ 850ರಲ್ಲಿಯೂ ಏರ್‌ಟೆಲ್‌ನದು 900ರಲ್ಲಿಯೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ 4ಜಿ 700 ಮತ್ತು 2100ರಲ್ಲಿದೆ. ಆದರೆ 700ರ ಸಂಕೇತವನ್ನು ಹಿಡಿಯಲು ಫೋನಿನಲ್ಲಿ ಬ್ಯಾಂಡ್ 28 ಇರಬೇಕು, ಹಳೆಯ ಅಗ್ಗದ ಫೋನುಗಳು ಹಲವದರಲ್ಲಿ ಅದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಕಂಪನಿಗಳು ತಮ್ಮ ಜಾಲತಾಣದಲ್ಲಿ ವ್ಯಾಪ್ತಿಯ ನಕ್ಷೆ ಹಾಕಿರುತ್ತವೆ. ಅದನ್ನು ನೋಡಿದ ಮೇಲೂ, ನೆರೆಮನೆಯವರ ಅಥವಾ ನೆಂಟರ ಬೇರೆ ಕಂಪನಿಯ ಸಿಮ್ಮನ್ನು ಜಗಲಿಯಲ್ಲಿಯೂ ಅಡುಗೆಮನೆಯಲ್ಲಿಯೂ ಪರೀಕ್ಷಿಸದೆ ಕಂಪನಿಯನ್ನು ಬದಲಾಯಿಸಬೇಡಿ. ಅದೇ ಸಂಖ್ಯೆಯೊಂದಿಗೆ ಒಮ್ಮೆ ಬೇರೆ ಕಂಪನಿಗೆ ಪೋರ್ಟ್ ಆದರೆ 90 ದಿನ ಅಲ್ಲಿಯೇ ಇರಬೇಕಾಗುತ್ತದೆ. ನಿರ್ಧಾರವಾದ ಮೇಲೆ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಸಂಖ್ಯೆಯನ್ನು 1900ಕ್ಕೆ ಕಳುಹಿಸಿದರೆ ಬರುವ ಸಂಕೇತಾಕ್ಷರ ಕರ್ನಾಟಕದಲ್ಲಿ ನಾಲ್ಕು ದಿನ ಮಾನ್ಯವಾಗಿರುತ್ತದೆ.

ನಿಮ್ಮ ಊರಿಗೆ ಫೈಬರ್ ಬಂದಿದ್ದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಫೈಬರಿನ ವೈಫೈ ಮೂಲಕವೇ ಕರೆ ಮಾಡುವ ಸೌಲಭ್ಯವನ್ನು ಫೋನಿನಲ್ಲಿ ಚಾಲೂ ಮಾಡಿ, ರೌಟರಿಗೆ ಒಂದು ಚಿಕ್ಕ 12 ವೋಲ್ಟಿನ ಬ್ಯಾಟರಿ ಕೊಟ್ಟರೆ ಕರೆಂಟಿಲ್ಲದ ಸಂಜೆಗಳಲ್ಲಿಯೂ ಮಾತನಾಡಬಹುದು. ಹಾಡುಗಳು ಫೈಲಿನಲ್ಲಿದ್ದು ಇಂಟರ್ನೆಟ್ ಬೇಡವೆನಿಸಿದರೆ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕೇಳಿ ಪಡೆಯಿರಿ. ಇಂಥವು ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿದೆ, ವಿಶೇಷ ಪ್ಯಾಕುಗಳ ಅವಧಿಯನ್ನೂ 365 ದಿನಗಳವರೆಗೆ ವಿಸ್ತರಿಸಿದೆ. ಹಿರಿಯರಿರುವ ಮನೆಗಳು ಬಳಸದ ಡೇಟಾಕ್ಕೆ ತಿಂಗಳು ತಿಂಗಳು ಹಣ ತೆರುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ದೂರದ ಊರಿನವಳು

ಒಂದು ಎಚ್ಚರಿಕೆ ಮಾತ್ರ. ನಿಮ್ಮ ಸ್ವಂತ ಬಳಕೆಗೆ ಕ್ಯಾಸೆಟ್ಟಿನ ಪ್ರತಿ ಮಾಡಿಕೊಳ್ಳುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ವಿನಾಯಿತಿಯೊಳಗೆ ಬರುತ್ತದೆ. ಅದನ್ನೇ ಯೂಟ್ಯೂಬಿಗೆ ಏರಿಸುವುದು ಬೇರೆಯ ಮಾತು. ಪ್ರಕಟಿತ ಧ್ವನಿಮುದ್ರಣಕ್ಕೆ 60 ವರ್ಷಗಳ ಹಕ್ಕಿದೆ, ಪ್ರದರ್ಶಿಸಿದ ಕಲಾವಿದರಿಗೂ 50 ವರ್ಷಗಳ ಹಕ್ಕಿದೆ. ತಾಳಮದ್ದಳೆಯ ಮುದ್ರಣಗಳನ್ನು ಹಂಚುವ ಮನಸ್ಸಿದ್ದರೆ ಕಲಾವಿದರನ್ನೋ ಅವರ ಮನೆಯವರನ್ನೋ ಮೊದಲು ಕೇಳಿ. ವಿದೇಶದಲ್ಲಿರುವ ನನ್ನಂಥವರಿಗೆ, ಭಾರತದಲ್ಲಿ ಸಿಗುವ ಎಷ್ಟೋ ಕನ್ನಡ ಹಾಡುಗಳು ಪರವಾನಗಿಯ ಕಾರಣದಿಂದ ಅದೇ ಆ್ಯಪ್‌ನಲ್ಲಿ ಬೂದುಬಣ್ಣದಲ್ಲಿ ಕಾಣಿಸುತ್ತವೆ, ನುಡಿಯುವುದಿಲ್ಲ. ಹಾಗಾಗಿ ಫೈಲುಗಳ ಬೆಲೆ ನಮಗೆ ಇನ್ನೂ ಚೆನ್ನಾಗಿ ಗೊತ್ತು.

ಅಘನಾಶಿನಿ

ಎಲ್ಲರಿಗೂ ಕೃತಜ್ಞತೆಗಳು. ಈ ಬಾರಿ ಡೇಟಾ ಪ್ಯಾಕ್ ಬಿಟ್ಟು ಕರೆಯ ಪ್ಯಾಕ್ ಹಾಕಿಸಿ, ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ಯುಎಸ್‌ಬಿ ಸಾಧನವನ್ನು ಕೊಳ್ಳುತ್ತೇನೆ. ಚಂದಾ ನನ್ನ ಹೆಸರಿನಲ್ಲಿಯೇ ಇರಲಿ, ಭಾವಗೀತೆಗಳನ್ನು ಅಲ್ಲಿಂದ ಕೇಳಿಸುತ್ತೇನೆ. ಚಿಕ್ಕಪ್ಪನ ಮನೆಯಲ್ಲಿ ಹಳೆಯ ಕ್ಯಾಸೆಟ್ ಡೆಕ್ ಒಂದಿದೆ. ಮೋಟಾರಿನ ಸದ್ದು ಬರುತ್ತದೆ, ಟೇಪು ಮಾತ್ರ ತಿರುಗುವುದಿಲ್ಲ. ಅದನ್ನು ಸರಿಪಡಿಸಬಹುದೇ? ಮುದ್ರಿಸಿದ್ದನ್ನು ತಂದೆಯವರು ಫೋನನ್ನೇ ಮುಟ್ಟದೆ ಕೇಳುವ ದಾರಿ ಇದೆಯೇ?

ಮದ್ದಳೆಪ್ರಿಯ

ಮೋಟಾರು ತಿರುಗಿ ಟೇಪು ನಿಂತಿದ್ದರೆ ಹೆಚ್ಚಾಗಿ ರಬ್ಬರ್ ಬೆಲ್ಟು ಸಡಿಲವಾಗಿರುತ್ತದೆ ಅಥವಾ ಕರಗಿ ಅಂಟಾಗಿರುತ್ತದೆ. ಅಂಟನ್ನು ಪೂರ್ತಿ ಒರೆಸಿ ಅದೇ ಅಳತೆಯ ಹೊಸದನ್ನು ಹಾಕಿಸಿ, ರೇಡಿಯೋ ರಿಪೇರಿ ಮಾಡುವ ಹಳಬರು ಇದನ್ನು ಬಲ್ಲರು. ಕೇಳಲು ಮೆಮೊರಿ ಕಾರ್ಡು ಅಥವಾ ಪೆನ್ ಡ್ರೈವ್ ಹಾಕುವ ಸ್ಪೀಕರ್ ಸಾಕು. ಅಂಥವುಗಳಲ್ಲಿ ಹಲವು 32 ಜಿಬಿವರೆಗಿನ, ಫ್ಯಾಟ್32 ಮಾದರಿಯ ಕಾರ್ಡುಗಳನ್ನು ಮಾತ್ರ ಓದುತ್ತವೆ. ಅವುಗಳ ಪುಟ್ಟ ಪರದೆಯಲ್ಲಿ ಕನ್ನಡ ಅಕ್ಷರ ಚೌಕಗಳಾಗಿ ಕಾಣುವುದೂ ಉಂಟು. ಫೈಲಿನ ಹೆಸರಿನ ಮೊದಲಿಗೆ 01, 02 ಎಂದು ಅಂಕಿ ಹಾಕಿ, ಪ್ರಸಂಗಕ್ಕೊಂದು ಫೋಲ್ಡರ್ ಮಾಡಿದರೆ ಕ್ಯಾಸೆಟ್ಟಿನ ಎರಡನೆಯ ಬದಿ ಮೊದಲನೆಯದಕ್ಕಿಂತ ಮುಂಚೆ ನುಡಿಯುವ ತೊಂದರೆ ಇರುವುದಿಲ್ಲ.

ಬೆಲ್ಟು ಬದಲಿಸಿದ ಮೇಲೆ ವೇಗವನ್ನು ಪರೀಕ್ಷಿಸದೆ ಮುದ್ರಣ ಆರಂಭಿಸಬೇಡಿ. ವೇಗ ಸ್ವಲ್ಪ ಹೆಚ್ಚಿದರೂ ಶ್ರುತಿ ಏರುತ್ತದೆ. ಅಂಗಡಿಯಲ್ಲಿ ಕೊಂಡ ಭಾವಗೀತೆಯ ಕ್ಯಾಸೆಟ್ಟೊಂದನ್ನು ಡೆಕ್ಕಿನಲ್ಲಿ ಹಾಕಿ, ಅದೇ ಹಾಡನ್ನು ನಿಮ್ಮ ಆ್ಯಪ್‌ನಲ್ಲಿಯೂ ನುಡಿಸಿ ಎರಡರ ಶ್ರುತಿಯನ್ನು ಹೋಲಿಸಿ. ವ್ಯತ್ಯಾಸವಿದ್ದರೆ ಮೋಟಾರಿನ ಹಿಂಬದಿಯ ಸಣ್ಣ ರಂಧ್ರದೊಳಗೆ ವೇಗವನ್ನು ಹೊಂದಿಸುವ ತಿರುಪು ಸಾಮಾನ್ಯವಾಗಿ ಇರುತ್ತದೆ.