ಪಗಾರ ಒಂದ, ಕಂಪನಿ ಎರಡ: ಸ್ವಭಾವ ನೋಡಿ ಹೋಗಬೇಕೇನ್ರಿ?

ಉದ್ಯಮಬಾಗ_ಹುಡುಗ: ನಮಸ್ಕಾರ್ರೀ. ಡಿಪ್ಲೊಮಾ ಮುಗಿಸಿ ಬೆಳಗಾವಿ ಉದ್ಯಮಬಾಗದಾಗ ಮಷಿನ್ ಶಾಪಿನ್ಯಾಗ ಕ್ವಾಲಿಟಿ ನೋಡ್ತೀನಿ. ಈಗ ಎರಡ ಆಫರ್ ಬಂದಾವ, ಪಗಾರ ಹೆಚ್ಚುಕಡಿಮಿ ಒಂದ. ಒಂದು ಹಳೇ ಕಂಪನಿ, ಪ್ರತಿ ಪೀಸಿಗೆ ಮೈಕ್ರೋಮೀಟರ್ ಹಚ್ಚಿ ರೀಡಿಂಗ್ ಬರದು ಸಹಿ ಮಾಡಬೇಕು. ಇನ್ನೊಂದು ಹೊಸಾದು, ಮುಂಜಾನೆ ಡ್ರಾಯಿಂಗ್, ಮಧ್ಯಾಹ್ನ ಕಸ್ಟಮರ್ ಫೋನ್, ಸಂಜಿಗೆ ಟಾರ್ಗೆಟ್ ಸಂಬಂಧ ಬಾಯಿ. ನನಗ ಹಳೇದರ ಕಡೆ ಮನಸ್ಸು ಎಳಿತೈತಿ, ರೂಮ್‌ಮೇಟ್ ನೋಡಿದ್ರ "ಹುಚ್ಚ ಅದೀ ಏನಲೇ, ಅಲ್ಲೇ ಕೊಳೀತಿ" ಅಂತಾನ. ಇದು ಸ್ವಭಾವಾನೋ, ನಾ ಅಂಜಾಕತ್ತೀನೋ?

ಎಂಬಿಎ_ಓದಾಕಿ: ಎರಡೂ ಇರಬಹುದ್ರಿ ಅಣ್ಣಾ. 1997ರಾಗ ಟಿಮೊತಿ ಜಡ್ಜ್, ಡೇನಿಯಲ್ ಕೇಬಲ್ ಅನ್ನೋ ಸಂಶೋಧಕರು ಕೆಲಸ ಹುಡುಕೋ ಕಾಲೇಜ್ ಮಂದೀನ್ನ ಕೇಳಿ ಇದನ್ನ ನೋಡ್ಯಾರ. ಅಚ್ಚುಕಟ್ಟು ಸ್ವಭಾವದೋರಿಗೆ ಸಣ್ಣಪುಟ್ಟದಕ್ಕೂ ಲಕ್ಷ್ಯ ಕೊಡೋ ಕಂಪನಿ ಹಿಡಸ್ತಾವಂತ, ಹೊಸಾದು ಅಂದ್ರ ಕಿವಿ ನಿಮರೋರಿಗೆ ಹೊಸ ಪ್ರಯೋಗ ಮಾಡೋವು, ಹೊಂದ್ಕೊಂಡು ಹೋಗೋರಿಗೆ ಜಗ್ಗಾಡೋ ಜಾಗಾ ಬ್ಯಾಡ. ಆದ್ರ ಸಣ್ಣದಕ್ಕೂ ಎದಿ ಹೊಡಕೊಳ್ಳೋರೂ ಹೊಸ ಪ್ರಯೋಗದ ಕಂಪನಿಗೆ ಅಷ್ಟು ಒಲಿಯಂಗಿಲ್ಲ. ಅಂದ್ರ ನಿಮ್ಮ ಎಳತ ಶಿಸ್ತಿನಿಂದ ಬಂದದ್ದೋ ಅಂಜಿಕಿಯಿಂದೋ, ಹೊರಗಿಂದ ನೋಡಿದೋರಿಗೆ ಗೊತ್ತಾಗಂಗಿಲ್ಲ.

ಹಳೇ_ಎಚ್ಆರ್: ತಮ್ಮಾ, ಬೆಂಜಮಿನ್ ಶ್ನೈಡರ್ ಅನ್ನೋ ಮನಶ್ಶಾಸ್ತ್ರಜ್ಞ 1987ರಾಗ ಬರದದ್ದು ನಾ ಕಣ್ಣಾರೆ ನೋಡೀನಿ. ಮಂದಿ ತಮ್ಮಂಥೋರು ಇರೋ ಕಡೆ ಹೋಗ್ತಾರ, ಕಂಪನಿನೂ ತನಗ ಹೊಂದೋರನ್ನ ತಗೋತೈತಿ, ಹೊಂದದಾವ್ರು ಬಿಟ್ಟು ಹೋಗ್ತಾರ, ಕಡೀಕ ಒಳಗ ಎಲ್ಲಾರೂ ಒಂದ ನಮೂನಿ. ಮನಿಯಂಗ ಅನಸ್ತೈತಿ ಖರೆ, ಆದ್ರ ಮಾರ್ಕೆಟ್ ತಿರಗಿದಾಗ ಬ್ಯಾರೆ ವಿಚಾರ ಮಾಡೋ ಒಬ್ಬಾವನೂ ಸಿಗಂಗಿಲ್ಲ. ಇಂಟರ್ವ್ಯೂದಾಗ ಹೇಳೋದು ನಂಬಬ್ಯಾಡ. ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಮುಂದಿನ ಚಾದ ಅಂಗಡಿಯಾಗ ನಿಂದ್ರು, ಹೋದ ವರ್ಷ ಯಾರ್ ಬಿಟ್ರು, ಯಾಕ ಬಿಟ್ರು ಅಂತ ಕೇಳು.

ಮುಧೋಳದಾಂವ: ಎರಡ ಆಫರ್ ಇದ್ದೋರ ಮಾತ್ರೀ ಇದು! ನಮ್ಮ ಕಡೆ ಸಕ್ಕರಿ ಫ್ಯಾಕ್ಟರಿ ಸೀಸನ್ ಚಾಲೂ ಆದ್ರ ಯಾರ ಸ್ವಭಾವ ಯಾರ್ ಕೇಳ್ತಾರ, ಕರದ್ರ ಹೋಗೋದು ಅಷ್ಟ.

ಎಂಬಿಎ_ಓದಾಕಿ: ಅದೂ ಖರೆ ಬಿಡ್ರಿ, ನಾ ಹೇಳಿದ ಸಂಶೋಧನಾದಾಗ ಕೇಳಿದ ಮಂದೀನೂ ಕಾಲೇಜಿನವ್ರ.

ಉದ್ಯಮಬಾಗ_ಹುಡುಗ: ಅಕ್ಕಾರ, ವಿಚಾರ ಮಾಡಿದೆ. ಪೀಸಿನ್ಯಾಗ ಹತ್ತು ಮೈಕ್ರಾನ್ ಫರಕ್ ಹಿಡದ್ರ ನನಗ ಖುಷಿ ಆಗ್ತೈತಿ, ಅದು ಅಂಜಿಕಿ ಅಲ್ಲ. ಕಸ್ಟಮರ್ ಫೋನ್ ಅಂದ್ರ ಮಾತ್ರ ಹೊಟ್ಟ್ಯಾಗ ಕಲಸತೈತಿ, ಅದು ಅಂಜಿಕೀನ. ಕಾಕಾ, ಸೋಮವಾರ ಹೋಗಿ ಎರಡೂ ಕಡೆ ಚಾ ಕುಡದು ಬರ್ತೀನಿ.